ವಿದೇಶಿ ಆವರಣ ಕ್ರಮಾಂಕ ನಲವತ್ತೊಂದು

ಸಾವಿರದ ಒಂಬೈನೂರ ಎಂಬತ್ತೊಂದನೆಯ ಇಸವಿ ಜೂನ್ ತಿಂಗಳಲ್ಲಿ ಕೊಟ್ಟೂರಿನಲ್ಲಿ ಅಂತರರಾಷ್ಟ್ರೀಯ ಶ್ರಮಿಕ ವಯಸ್ಕರ ವಿಶ್ವವಿದ್ಯಾಲಯವು ಸ್ಥಾಪನೆಯಾಯಿತು. ಶೇಂಗಾ ಗೋದಾಮಿನ ಮಹಡಿಯ ಮೇಲೆ ವಿಶ್ವವಿದ್ಯಾಲಯ ಇರಬಾರದೆಂದು ಯಾವ ಕಾಯಿದೆಯಲ್ಲೂ ಬರೆದಿಲ್ಲ. ನಾನು ಹುಡುಕಿ ನೋಡಿದ್ದೇನೆ. ಕುಲಪತಿಗಳು ಶ್ರೀಮಾನ್ ಚೌಡಣ್ಣನವರು. ಅವರು ಮೊದಲು ಕೆಳಗೆ ಶೇಂಗಾ ವ್ಯಾಪಾರ ನಡೆಸುತ್ತಿದ್ದರು, ಆಮೇಲೆ ಮಹಡಿಯಲ್ಲಿ ಬೆರಳಚ್ಚು ಶಾಲೆ ನಡೆಸಿದರು, ಆಮೇಲೆ ಕುಲಪತಿಗಳಾದರು. ಮೆಟ್ಟಿಲು ಹತ್ತಿಯೇ ಮೇಲೆ ಬಂದವರು.

ಈ ಸಂಸ್ಥೆಯ ಚರಿತ್ರೆ ಬರೆಯುವ ಹೊಣೆ ನನಗೆ ಬಂದದ್ದು ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ. ನನ್ನ ಹೆಸರು ಸೋಮಪ್ಪ. ಹುದ್ದೆ ಬರಹಗಾರ ಹಾಗೂ ವಿದೇಶ ವೀಕ್ಷಕ, ಹಂಗಾಮಿ. ಹಂಗಾಮಿ ಎಂಬ ಮಾತನ್ನು ಓದುಗರು ದಯಮಾಡಿ ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಹೆಸರಿನಲ್ಲಿ 'ಅಂತರರಾಷ್ಟ್ರೀಯ' ಯಾಕೆ ಬಂತು ಎಂದು ಕೆಲವರು ಕುಹಕದಿಂದ ಕೇಳುತ್ತಾರೆ. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಹರಪನಹಳ್ಳಿಯ ಒಬ್ಬ ಪೇಂಟರನ ಹತ್ತಿರ ಒಂದು ಬ್ಯಾಂಡ್ ಸೆಟ್ಟಿನವರು ಬರೆಸಿ, ಒಯ್ಯದೆ ಬಿಟ್ಟ ಬೋರ್ಡು ಇತ್ತು. ತಗಡು ಗಟ್ಟಿ, ಬಣ್ಣ ಗಟ್ಟಿ. ಚೌಡಣ್ಣನವರು 'ಬ್ಯಾಂಡ್ ಸೆಟ್' ಎಂಬುದನ್ನು ಒರೆಸಿಸಿ ಕೆಳಗೆ ನಮ್ಮದನ್ನು ಬರೆಸಿದರು. ಮೇಲಿನ ಪದ ಹಾಗೇ ಉಳಿಯಿತು.

ನಮ್ಮಲ್ಲಿ ಓದುವವರೆಲ್ಲ ದುಡಿಯುವವರು. ಹಡಗಲಿಯಲ್ಲಿ ಊರು ಕಾಯುವ ಕೊತ್ವಾಲರು, ಕೂಡ್ಲಿಗಿಯ ಬಸ್ ಏಜೆಂಟರು, ಹಗರಿಬೊಮ್ಮನಹಳ್ಳಿಯ ಸಂತೆಯಲ್ಲಿ ತೂಕ ಹಾಕುವವರು, ನಾಲ್ಕಾರು ಕಚೇರಿಗಳ ಜವಾನರು. ದುಡಿಯುವವರಿಗೆ ತರಗತಿಗೆ ಬರಲು ಪುರುಸೊತ್ತಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವ ಪದ್ಧತಿ ನಮ್ಮ ಸೀಮೆಯಲ್ಲಿ ಎಲ್ಲರೂ ಒಪ್ಪಿದ್ದೇ. ಟವೆಲ್ ಇದ್ದ ಸೀಟಿನಲ್ಲಿ ಮನುಷ್ಯನಾದವನು ಕೂಡುವುದಿಲ್ಲ. ಅದೇ ಪದ್ಧತಿಯನ್ನು ವಿಶ್ವವಿದ್ಯಾಲಯವು ಅಂಗೀಕರಿಸಿತು. ಸಂಜೆ ಆರೂವರೆಗೆ ನಾನು ಬೆಂಚುಗಳ ಮೇಲಿನ ಟವೆಲ್‌ಗಳನ್ನು ನೋಡಿ ಹಾಜರಿ ಹಾಕುತ್ತಿದ್ದೆ. ಟವೆಲ್‌ಗಳು ಶಿಸ್ತಿನಿಂದ ಇರುತ್ತಿದ್ದವು, ಒಂದೂ ಗಲಾಟೆ ಮಾಡಿದ್ದು ನನಗೆ ನೆನಪಿಲ್ಲ.

ಆರು ತಿಂಗಳು ಹೀಗೆ ವಿದ್ಯಾದಾನ ನಡೆದಿರುವಾಗ ಮೇಲಿನಿಂದ ಒಂದು ಪತ್ರ ಬಂತು. ಮೇಲಿನಿಂದ ಎಂದರೆ ಎಲ್ಲಿಂದ ಎಂದು ಮೊಹರು ಒದ್ದೆಯಾಗಿದ್ದರಿಂದ ತಿಳಿಯಲಿಲ್ಲ. 'ತಾವು ಯಾವ ಆಧಾರದ ಮೇಲೆ ಅಂತರರಾಷ್ಟ್ರೀಯರು? ವಿದೇಶಗಳಲ್ಲಿ ತಮ್ಮ ಆವರಣಗಳು ಎಷ್ಟು? ಮೂವತ್ತು ದಿನದೊಳಗೆ ತಿಳಿಸತಕ್ಕದ್ದು.'

"ಬೋರ್ಡಿನ ಮ್ಯಾಲಿಂದು ಒರಿಸಿಬಿಟ್ರ ಆತಲ್ರಿ?" ಅಂದೆ ನಾನು.

ಚೌಡಣ್ಣನವರು ನನ್ನನ್ನು ಕನಿಕರದಿಂದ ನೋಡಿದರು. "ಸೋಮಪ್ಪ, ಪೇಂಟರ್ ಸಲುವಾಗಿ ಮತ್ತ ಹರಪನಹಳ್ಳಿಗೆ ಹೋಗಬೇಕು. ಅದ್ರಕಿಂತ ವಿದೇಶ ಹುಡುಕೋದು ಹಗುರ."

ವಿದೇಶ ಹುಡುಕಲು ಸಮಿತಿ ನೇಮಕವಾಯಿತು. ಅದರ ಅಧ್ಯಕ್ಷರು ನಮ್ಮ ಕುಲಸಚಿವರಾದ ಅಜ್ಜಯ್ಯನವರು. ಅವರು ನಿವೃತ್ತ ಗ್ರಾಮ ಲೆಕ್ಕಿಗರು. ಗಡಿ, ಬಾಂದುಕಲ್ಲು, ಚಕ್ಕುಬಂದಿ ಅವರ ಬಾಯಲ್ಲಿ ನೀರು ಕುಡಿದಷ್ಟು ಸಲೀಸು. ಎರಡು ಕಪ್ಪು ಚಹಾ ಆದ ಮೇಲೆ ಅವರು ಕನ್ನಡಕ ತೆಗೆದಿಟ್ಟರು.

"ನಾ ಒಂದ್ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ದೇಶ ಅಂದ್ರ ಏನು? ನೀವು ಒಂದೂರಾಗ ಬೀದಿ ಹಿಡಿದು ಹೊಂಟ್ರಿ ಅಂತ ತಿಳ್ಕೊಳ್ರಿ. ಯಾರರ ಒಬ್ರು ಬಾಗಿಲಾಗ ನಿಂತು 'ಉಂಡು ಹೋಗ ಬಾ' ಅಂತಾರಲ್ಲ, ಅದು ನಿಮ್ಮ ದೇಶ. ಈ ತುದಿಯಿಂದ ಆ ತುದಿಗೆ ಹೋದ್ರೂ ಒಬ್ಬರೂ ಅನ್ನಲಿಲ್ಲ ಅಂದ್ರ, ಮುಗೀತು, ಅದು ವಿದೇಶ."

ಚೌಡಣ್ಣನವರು ಚಹಾದ ಕಪ್ಪು ಕೆಳಗಿಟ್ಟರು. "ಹಂಗಾದ್ರ ನಮ್ಮ ಬೀಗರ ಮನಿ ವಿದೇಶನ ಬಿಡು."

ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ನಾನೇ ದುಂಡಗೆ ಬರೆದೆ: 'ನಿಯಮ ಏಳು. ವಿದೇಶವೆಂದರೆ ವಿದ್ಯಾರ್ಥಿಯನ್ನು ಯಾರೂ ಊಟಕ್ಕೆ ಕರೆಯದಿರುವ ಊರು. ಚಹಾಕ್ಕೆ ಕರೆಯುವುದನ್ನು ವ್ಯಾಪಾರ ಸಂಬಂಧವೆಂದು ತಿಳಿಯತಕ್ಕದ್ದು. ಪ್ರತಿ ಪದವಿಗೂ ವಿದೇಶಿ ಆವರಣದಲ್ಲಿ ಹದಿನೈದು ದಿನದ ವಾಸ ಕಡ್ಡಾಯ. ವಾಸದಲ್ಲಿರುವಾಗ ಪರಿಚಯಸ್ಥರೊಡನೆ ಮಾತಾಡಿದರೆ, ಅಥವಾ ಊಟದ ಕರೆ ಬಂದರೆ, ದೇಶ ಅಲ್ಲಿಗೆ ಮುಗಿಯತಕ್ಕದ್ದು.'

ಇನ್ನು ಆವರಣಕ್ಕೆ ಹೋಗುವ ವಿದ್ಯಾರ್ಥಿಗಳು ಬೇಕಾಗಿತ್ತು. ದೇವರು ದೊಡ್ಡವನು, ಆಗಲೇ ಐದು ಸೀಮೆಯ ತಾಯಿ-ಮಗು ಹಿತರಕ್ಷಣಾ ಮಂಡಳಿಯವರು ಒಂದು ಸುತ್ತೋಲೆ ಹೊರಡಿಸಿದರು. ಐದು ಸೀಮೆ ಎಂದರೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಮತ್ತು ಕೊಟ್ಟೂರು. ಕೊಟ್ಟೂರು ಆಗ ತಾಲ್ಲೂಕಾಗಿರಲಿಲ್ಲ. ಕೊಟ್ಟೂರಿನವರ ಪ್ರಕಾರ ಆಗಿತ್ತು. ಈ ಮಂಡಳಿಯ ಹೆರಿಗೆ ಕೊಠಡಿ ನಮ್ಮ ಗೋದಾಮಿನ ಹಿಂದಿನ ಓಣಿಯಲ್ಲಿತ್ತು, ಅದರಲ್ಲಿ ಇಬ್ಬರೇ ನೌಕರರು. ಹೆರಿಗೆ ಮಾಡಿಸುವ ತಿಪ್ಪೇರುದ್ರಮ್ಮ, ಗೇಟು ಕಾಯುವ ಗಾದೆಪ್ಪ. ಇಬ್ಬರೂ ಹಂಗಾಮಿ. ಸುತ್ತೋಲೆ ಹೀಗಿತ್ತು: ಇನ್ನು ಮುಂದೆ ಪ್ರಸೂತಿ ಆಡಳಿತದಲ್ಲಿ ಪದವಿ ತಂದವರನ್ನು ಕಾಯಂ ಮಾಡಿ ಪಿಂಚಣಿಗೆ ಸೇರಿಸಲಾಗುವುದು, ತರುವ ತನಕ ಇಬ್ಬರಿಗೂ ಸಂಬಳವಿಲ್ಲದ ಅಧ್ಯಯನ ರಜೆ, ಐವತ್ತೆಂಟು ತುಂಬಿದವರಿಗೆ ಅವಕಾಶವಿಲ್ಲ.

ತಿಪ್ಪೇರುದ್ರಮ್ಮ ಅರ್ಜಿ ತುಂಬಿಸಲು ನನ್ನ ಮೇಜಿನ ಮುಂದೆ ಬಂದು ಕೂತಳು. ಗಟ್ಟಿ ಹೆಂಗಸು, ಮೊಣಕೈ ತನಕ ಸೀರೆ ಸೆರಗು ಸುತ್ತಿಕೊಂಡು ಮಾತಾಡುವವಳು. ಇಪ್ಪತ್ತೊಂಬತ್ತು ವರ್ಷದಿಂದ ಅದೇ ಕೊಠಡಿಯಲ್ಲಿ ಹಂಗಾಮಿ. ಹುಟ್ಟಿದ ತಾರೀಖು ಗೊತ್ತಿಲ್ಲ ಅಂದಳು. ಗೊತ್ತಿಲ್ಲದವರೆಲ್ಲ ನಮ್ಮಲ್ಲಿ ಜೂನ್ ಒಂದಕ್ಕೆ ಹುಟ್ಟುತ್ತಾರೆ, ಹಾಗೇ ಬರೆದೆ. ಲೆಕ್ಕ ಹಾಕಿದರೆ ಐವತ್ತೆಂಟಕ್ಕೆ ಇನ್ನು ನಾಲ್ಕು ವರ್ಷದ ಮೇಲೆ ಸ್ವಲ್ಪ ಉಳಿದಿತ್ತು.

"ಈ ವಯಸ್ಸಿನಾಗ ಪದವಿ ಯಾಕ ಬೇ ನಿನಗ?" ಅಂದೆ.

"ಪದವಿ ಯಾರಿಗಿ ಬೇಕೋ ಸೋಮಪ್ಪ, ಪಿಂಚಣಿ ಬೇಕು. ಕೈ ನಡುಗಾಕ ಹತ್ತಿದ ಮ್ಯಾಲ ಯಾರ ಬಾಗಿಲಾಗೂ ನಿಂದ್ರಬಾರದು ನಾ."

"ನಿನ್ನ ಉಣ್ಣಾಕ ಕರೀಲಾರದ ಬಾಗಿಲು ಯಾವೂರಾಗ ಐತಿ?"

"ಕರದ್ರ ಉಣ್ಣೋದು ಬ್ಯಾರೆ," ಅಂದಳು. "ನಿಂತು ಬೇಡಿ ಉಣ್ಣೋದು ಬ್ಯಾರೆ. ಹೆಬ್ಬೆಟ್ಟು ಎಲ್ಲಿ ಒತ್ತಲಿ ಹೇಳು."

ಗಾದೆಪ್ಪನ ವಿದೇಶ ಒಂದೇ ದಿನದಲ್ಲಿ ಇತ್ಯರ್ಥವಾಯಿತು. ಅವನು ಗೋಡೆ ವಿಷಯಕ್ಕೆ ಅಣ್ಣತಮ್ಮಂದಿರ ಜೊತೆ, ಎಮ್ಮೆ ವಿಷಯಕ್ಕೆ ಅತ್ತೆ ಮನೆಯವರ ಜೊತೆ, ಯಾವ ವಿಷಯವೂ ಇಲ್ಲದೆ ಹೆಂಡತಿಯ ಜೊತೆ ಮಾತು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಸಮಿತಿ ಅವನ ಹಿಂದೆ ಹರಪನಹಳ್ಳಿಯ ಅವನ ಓಣಿಯಲ್ಲಿ ನಡೆದು ನೋಡಿತು. ಒಬ್ಬರೂ ಕರೆಯಲಿಲ್ಲ. ಅವನ ಮನೆಯ ಪಡಸಾಲೆಯಲ್ಲಿ ಕೂತರೂ ಕರೆಯಲಿಲ್ಲ. ಆದ್ದರಿಂದ ಅವನ ಸ್ವಂತ ಮನೆಯನ್ನೇ ವಿದೇಶವೆಂದು ಘೋಷಿಸಿ, ಹದಿನೈದು ದಿನ ಅಲ್ಲೇ ಇರಿಸಿ, ಪ್ರಥಮ ದರ್ಜೆಯಲ್ಲಿ ಪಾಸು ಮಾಡಲಾಯಿತು. ಮಂಡಳಿ ಅವನನ್ನು ಪ್ರಸೂತಿ ಅಧಿಕಾರಿ ಎಂದು ಕಾಯಂ ಮಾಡಿತು. ಅವನು ಅಷ್ಟರವರೆಗೆ ಹೆರಿಗೆ ಕೊಠಡಿಯ ಒಳಗೆ ಕಾಲಿಟ್ಟಿರಲಿಲ್ಲ. ಗೇಟಿನ ಕೆಲಸ ಹೊರಗಡೆಯದು.

ತಿಪ್ಪೇರುದ್ರಮ್ಮಳ ವಿಷಯ ಹಾಗಾಗಲಿಲ್ಲ. ಮೊದಲು ಹಂಪಸಾಗರಕ್ಕೆ ಕರೆದುಕೊಂಡು ಹೋದೆವು. ಅವಳು ಮುಂದೆ, ಹತ್ತು ಹೆಜ್ಜೆ ಹಿಂದೆ ಅಜ್ಜಯ್ಯನವರು, ಅವರ ಹಿಂದೆ ಪುಸ್ತಕ ಹಿಡಿದು ನಾನು. ಬಸ್ಸಿಳಿದು ಹೊಳೆ ಕಡೆ ತಿರುಗುವುದರೊಳಗೆ ಹನ್ನೊಂದು ಕರೆ ಬಂದವು, ಒಬ್ಬಳು ಸೌಟು ಹಿಡಿದುಕೊಂಡೇ ಓಡಿಬಂದಳು. ನೀಲಗುಂದದಲ್ಲಿ ಭೀಮೇಶ್ವರ ಗುಡಿ ಮುಂದೆ ಮೀಸೆ ಹೊತ್ತ ಗಂಡಸೊಬ್ಬ "ಅವ್ವಾ, ನಾ ಕಾಲು ಮುಂದಾಗಿ ಬಂದಾವ, ಗುರ್ತು ಸಿಕ್ಕಿತಾ?" ಎಂದು ದಾರಿಗೆ ಅಡ್ಡ ನಿಂತ. ಉಚ್ಚಂಗಿದುರ್ಗದಲ್ಲಿ ಮೆಟ್ಟಿಲು ಹತ್ತಿ ಹತ್ತಿ ಅಜ್ಜಯ್ಯನವರಿಗೆ ದಮ್ಮು ಬಂತು. ಮೇಲೆ ಕಾಯಿ ಒಡೆಯುವವನ ಮೂವರು ಮಕ್ಕಳೂ ಅವಳ ಕೈಯಲ್ಲೇ ಹುಟ್ಟಿದವರು. ಊಟ ಮಾಡಿಯೇ ಇಳಿದೆವು. ಚೆನ್ನಾಗಿತ್ತು.

ಎರಡು ತಿಂಗಳು ತಿರುಗಿದ ಮೇಲೆ ಸಮಿತಿಯು ವರದಿ ಕೊಟ್ಟಿತು. ಸದರಿ ವಿದ್ಯಾರ್ಥಿನಿಗೆ ಈ ಐದು ಸೀಮೆಯಲ್ಲಿ ವಿದೇಶವೇ ಇಲ್ಲ.

"ಇಲ್ಲ ಅಂದ್ರ ಮಾಡ್ಕೋಬೇಕು," ಅಂದರು ಚೌಡಣ್ಣನವರು.

ಕೂಡ್ಲಿಗಿ ಕಡೆ ಕರಿಗಲ್ಲಹಟ್ಟಿ ಎಂಬ ಕುರಿ ಸಾಕುವವರ ಊರಿದೆ, ಅರವತ್ತು ಮನೆ. ಅಲ್ಲಿಯ ಹಿರಿಯ ಜೋಗಪ್ಪನವರ ಹತ್ತಿರ ಮಾತುಕತೆ ಆಯಿತು. ಊರು ಹದಿನೈದು ದಿನದ ಮಟ್ಟಿಗೆ ವಿದೇಶವಾಗಬೇಕು, ತಿಪ್ಪೇರುದ್ರಮ್ಮಳನ್ನು ಯಾರೂ ಮಾತಾಡಿಸಬಾರದು.

"ಆ ಅವ್ವನ್ನ? ಮಾತಾಡಸಬಾರದಾ? ಯಾಕ್ರಿ, ಆಕಿ ಏನು ಮಾಡ್ಯಾಳ?" ಜೋಗಪ್ಪನವರು ಎದ್ದೇಬಿಟ್ಟರು.

"ಆಕಿ ಒಳ್ಳೇದಕ್ಕ ಜೋಗಪ್ಪ. ಪಾಸಾಗಬೇಕು ಆಕಿ," ಅಂದೆ.

ಮುದುಕ ತಲೆ ಕೆರೆದುಕೊಂಡ. "ಆತು, ನಾವು ವಿದೇಶ ಆಗ್ತೀವಿ. ನಮ್ಮೂರಾಗ ಬಸ್ಸು ನಿಂದ್ರಸ್ರಿ ಮತ್ತ."

ಒಪ್ಪಂದವಾಯಿತು. 'ಅಂತರರಾಷ್ಟ್ರೀಯ ಆವರಣ ಇರುವುದರಿಂದ ಬಸ್ಸು ನಿಲ್ಲಿಸತಕ್ಕದ್ದು' ಎಂದು ನಾನು ಬರೆದ ಪತ್ರ ನೋಡಿ ಖಾಸಗಿ ಬಸ್ಸಿನವರು ಹೆದರಿ ನಿಲ್ಲಿಸತೊಡಗಿದರು. ಹಳದಿ ಬೋರ್ಡು ನೆಟ್ಟೆವು: ವಿದೇಶಿ ಆವರಣ ಕ್ರಮಾಂಕ ಒಂದು. ಎಂಬತ್ತೆರಡರ ಮಾರ್ಚ್ ತಿಂಗಳಲ್ಲಿ ತಿಪ್ಪೇರುದ್ರಮ್ಮ ಹಾಸಿಗೆ ಸುರುಳಿ ಹೊತ್ತು ಬಸ್ಸಿಳಿದು ಶಾಲೆಯ ಕಟ್ಟೆಯ ಮೇಲೆ ವಾಸ ಹೂಡಿದಳು. ಪಕ್ಕದ ಕಂಬಕ್ಕೆ ಒರಗಿ ನಾನು, ವೀಕ್ಷಣೆಗೆ.

ಆ ಊರಿನವರು ವಿದೇಶವಾಗಲು ಪಟ್ಟ ಕಷ್ಟ ನಾನು ಕಣ್ಣಾರೆ ಕಂಡೆ. ಅವಳು ನೀರಿಗೆ ಹೋದರೆ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ಗೋಡೆ ಕಡೆ ತಿರುಗಿ ನಿಲ್ಲುತ್ತಿದ್ದರು. ಊಟಕ್ಕೆ ಕರೆಯುವಂತಿಲ್ಲ. ಆದರೆ ದಿನಾ ಹೊತ್ತಿಗೆ ಸರಿಯಾಗಿ ಯಾರಾದರೊಬ್ಬರು ಆ ಕಟ್ಟೆಯ ಮೇಲೆ ಬುತ್ತಿ ಮರೆತು ಹೋಗುತ್ತಿದ್ದರು. ಬಿಸಿ ಜೋಳದ ರೊಟ್ಟಿ, ಮೇಲೆ ಪುಂಡಿಪಲ್ಯ, ಒಮ್ಮೊಮ್ಮೆ ಎರಡು ಬುತ್ತಿ, ನನ್ನ ಲೆಕ್ಕವೂ ಹಿಡಿದು. ಮರೆವಿನ ಬಗ್ಗೆ ನಿಯಮ ಏಳರಲ್ಲಿ ಏನೂ ಇಲ್ಲವಾದ್ದರಿಂದ ನಾನು ಬರೆದುಕೊಳ್ಳಲಿಲ್ಲ.

ಹನ್ನೆರಡನೆಯ ದಿನ ಮಧ್ಯಾಹ್ನ ಮಾರೆಮ್ಮ ಎಂಬ ಹೆಂಗಸು ಓಡಿಬಂದು ನಮ್ಮ ಮುಂದೆ ನಿಂತಳು. ನಮಗೆ ಬೆನ್ನು ತಿರುಗಿಸಿ, ಶಾಲೆಯ ಕಂಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಂಬಕ್ಕೆ ಹೇಳತೊಡಗಿದಳು.

"ಕಂಬಪ್ಪ, ನನ್ನ ಸೊಸಿಗೆ ಬೆಳಗ್ಗಿಂದ ಬ್ಯಾನಿ ಬಂದಾವು. ಕೊಟ್ಟೂರಿಗೆ ಹೋಗಿದ್ವಿ ಕಂಬಪ್ಪ. ಆ ಗಾದೆಪ್ಪ ಏಳು ದಿನ ಮೊದಲ ಅರ್ಜಿ ಕೊಟ್ಟಿಲ್ಲ ಅಂತ ಬಾಗಿಲು ತಗಿಲಿಲ್ಲ. ಕೂಸು ಅಡ್ಡ ಬಿದ್ದೈತಿ ಕಂಬಪ್ಪ. ನಾ ಯಾರಿಗಿ ಹೇಳ್ಲಿ?"

ತಿಪ್ಪೇರುದ್ರಮ್ಮ ನನ್ನ ಕಡೆ ನೋಡಿದಳು. "ಇನ್ನ ಎಷ್ಟು ದಿನ ಐತೋ?"

"ಮೂರು ದಿನ."

"ಮೂರು ದಿನ ತಡಿ ಅಂದ್ರ ಕೂಸು ತಡೀತದನೋ?" ಎಂದು ಎದ್ದು ಸೊಂಟಕ್ಕೆ ಸೆರಗು ಸಿಗಿಸಿದಳು. "ಲೇ ಮಾರಿ, ಕಂಬದ ಜೋಡಿ ಏನು ಮಾತು ನಿಂದು? ನೀರು ಕಾಸು ನಡಿ!"

ಅಷ್ಟೇ ಸಾಕಾಯಿತು. ಹನ್ನೆರಡು ದಿನ ಕಟ್ಟಿದ ಬಾಯಿಗಳೆಲ್ಲ ಒಮ್ಮೆಗೇ ಬಿಚ್ಚಿಕೊಂಡವು. ಅವ್ವಾ ಬಾ, ಅವ್ವಾ ಈ ಕಡಿ, ಅವ್ವಾ ಹುಷಾರು, ಇಡೀ ಓಣಿ ಅವಳ ಹಿಂದೆ ಹೋಯಿತು. ಎರಡು ಗಂಟೆ ಹತ್ತು ನಿಮಿಷಕ್ಕೆ ದೇಶ ಮುಗಿಯಿತು ಎಂದು ನಾನು ಬರೆದೆ. ಮೂರೂವರೆಗೆ ಹೆಣ್ಣು ಕೂಸು ಹುಟ್ಟಿತು. ಸಂಜೆಗೆ ಅರವತ್ತು ಮನೆಯವರೂ ಉಂಡು ಹೋಗು ಅಂದರು.

ನಾಪಾಸಾದ ಬಗ್ಗೆ ಆಡಳಿತ ಮಂಡಳಿಯಲ್ಲಿ ಚರ್ಚೆಯಾಯಿತು. ನಿಯಮ ನಿಯಮವೇ, ಇನ್ನೊಂದು ದೇಶದಲ್ಲಿ ಹೊಸದಾಗಿ ಹದಿನೈದು ದಿನ ಇರತಕ್ಕದ್ದು. ಕರಿಗಲ್ಲಹಟ್ಟಿಯ ಬೋರ್ಡು ಕೀಳಬೇಕೇ ಎಂದು ನಾನು ಕೇಳಿದೆ. ಒಮ್ಮೆ ವಿದೇಶವಾದ ಊರು ಮತ್ತೆ ಸ್ವದೇಶವಾಗಲು ನಿಯಮದಲ್ಲಿ ಅವಕಾಶವಿಲ್ಲ ಎಂದರು ಅಜ್ಜಯ್ಯನವರು. ಜೋಗಪ್ಪನವರದೂ ಅದೇ ಅಭಿಪ್ರಾಯ, ಬಸ್ಸು ನಿಲ್ಲುತ್ತಿತ್ತಲ್ಲ.

ಎರಡನೆಯ ದೇಶದಲ್ಲಿ ತಿಪ್ಪೇರುದ್ರಮ್ಮ ಒಂದು ಮಾತೂ ಆಡದೆ ಹೆರಿಗೆ ಮಾಡಿಸಿ ನೋಡಿದಳು. ಬರೀ ಕೈಸನ್ನೆ. ಆದರೆ ಹೆರುವವಳು "ಅಯ್ಯವ್ವಾ ತಿಪ್ಪವ್ವಾ" ಎಂದು ಹಟ್ಟಿ ಹಾರುವ ಹಾಗೆ ಕೂಗಿದಳು. ಕೂಗಿದ್ದು ಕರೆಯೋ ಅಲ್ಲವೋ ಎಂಬ ಬಗ್ಗೆ ಮೂರು ಸಭೆ ನಡೆದು, ಕರೆಯೇ ಎಂದು ತೀರ್ಮಾನವಾಯಿತು. ಮೂರನೆಯ ದೇಶ ನಾಲ್ಕು ದಿನಕ್ಕೆ ಮುಗಿಯಿತು. ಐದನೆಯದು ಬಸ್ಸಿಳಿಯುವಾಗಲೇ.

ಇದಕ್ಕೆ ಕಾರಣ ಗಾದೆಪ್ಪನವರ ದಕ್ಷತೆ. ಅವರು ಈಗ ಅಧಿಕಾರಿಗಳು, ಬಹುವಚನ ಬಳಸುತ್ತೇನೆ. ಯಾವ ಬಸುರಿ ಬಂದರೂ ಅವರು ನಮೂನೆಯಲ್ಲಿ ಹೆಸರು ಬರೆದು, ಗಂಡನ ಸಹಿ ಮಾಡಿಸಿ, ಕೆಳಗೆ 'ವಿದೇಶಕ್ಕೆ ಶಿಫಾರಸು ಮಾಡಿದೆ' ಎಂದು ಮೊಹರು ಒತ್ತುತ್ತಿದ್ದರು. ನಮ್ಮ ನೋಟೀಸು ಬೋರ್ಡಿನಲ್ಲಿ ತಿಪ್ಪೇರುದ್ರಮ್ಮ ಸದ್ಯ ಯಾವ ದೇಶದಲ್ಲಿದ್ದಾಳೆ ಎಂದು ನಾನು ಬರೆದು ಹಾಕುತ್ತಿದ್ದೆ, ಅದನ್ನು ಓದಿಸಿಕೊಂಡು ಬಸುರಿಯ ಕಡೆಯವರು ಬಸ್ಸು ಹತ್ತುತ್ತಿದ್ದರು. ಬಂದವಳನ್ನು ಇವಳು ಒಲ್ಲೆ ಎನ್ನುವುದಿಲ್ಲ, ಕೂಸು ಹುಟ್ಟುತ್ತದೆ, ದೇಶ ಮುಗಿಯುತ್ತದೆ. ವರ್ಷಕ್ಕೆ ಒಂಬತ್ತು ಹತ್ತು ದೇಶ ಹೀಗೆ ಮುಗಿದವು. ಕೊಠಡಿಯಲ್ಲಿ ಒಂದೂ ಸಾವು ನೋವು ಇಲ್ಲವೆಂದು ಮಂಡಳಿಯವರು ಗಾದೆಪ್ಪನವರಿಗೆ ಶಾಲು ಹೊದಿಸಿದರು. ನಿಜವೇ, ಅಲ್ಲಿ ಹುಟ್ಟೂ ಇರಲಿಲ್ಲ.

ಜನ ಬೇಗ ಒಗ್ಗಿಕೊಂಡರು. ಕಂಡಕ್ಟರುಗಳು "ಫಾರಿನ್ ಇಳ್ಕೊಳ್ರೀ ಫಾರಿನ್" ಎಂದು ಸೀಟಿ ಊದುತ್ತಿದ್ದರು. ಸಂತೆಯಲ್ಲಿ ಸೊಸೆ ಎಲ್ಲಿ ಎಂದು ಕೇಳಿದರೆ "ಒಂಬತ್ತು ತುಂಬಿದ್ವಲ್ಲ, ಫಾರಿನ್‌ಗೆ ಹೋಗ್ಯಾಳ" ಎಂದು ಹೇಳಿ ಬದನೆಕಾಯಿ ಆರಿಸುತ್ತಿದ್ದರು. ಎಂಬತ್ತೈದರಲ್ಲಿ ಮೇಲಿನಿಂದ ಒಬ್ಬ ತನಿಖಾಧಿಕಾರಿ ಆವರಣಗಳನ್ನು ನೋಡಲು ಬಂದರು. ಕರಿಗಲ್ಲಹಟ್ಟಿಯಲ್ಲಿ ಅವರನ್ನು ಮೂರು ಮನೆಯವರು ಊಟಕ್ಕೆ ಕರೆದರು, ಮೂರೂ ಕಡೆ ಉಂಡರು. ಈ ಊರು ತಮಗೆ ವಿದೇಶವಲ್ಲ, ಆದರೆ ತಾವು ವಿದ್ಯಾರ್ಥಿಯೂ ಅಲ್ಲವಾದ್ದರಿಂದ ಆಕ್ಷೇಪಣೆ ಇಲ್ಲ ಎಂದು ವರದಿ ಬರೆದರು. ಮನುಷ್ಯನಿಗೆ ಕಾನೂನು ಗೊತ್ತಿತ್ತು.

ಎಂಬತ್ತಾರರ ಮೇ ತಿಂಗಳು ಬಂತು. ಜೂನ್ ಒಂದಕ್ಕೆ ತಿಪ್ಪೇರುದ್ರಮ್ಮಳಿಗೆ ಐವತ್ತೆಂಟು. ನಲವತ್ತು ದೇಶ ಮುಗಿದಿದ್ದವು. ಇನ್ನು ಒಂದಕ್ಕೇ ಸಮಯ, ಹದಿನೇಳರಿಂದ ಮೂವತ್ತೊಂದರವರೆಗೆ. ಅವಳು ಸೊರಗಿದ್ದಳು. ಬಟ್ಟಲು ಹಿಡಿದರೆ ಚಹಾ ತುಳುಕುತ್ತಿತ್ತು. ನಾನೇ ಬಟ್ಟಲು ಹಿಡಿದು ಕುಡಿಸಿದೆ; ಅಧಿಕೃತ ಚರಿತ್ರೆಯಲ್ಲಿ ಇಂಥದ್ದು ಬರೆಯಬಾರದು, ಆದರೂ ಬರೆದಿದ್ದೇನೆ.

ಆಗ ನಾನು ನನ್ನ ಸೇವಾವಧಿಯಲ್ಲಿ ಒಂದೇ ಒಂದು ಅಕ್ರಮ ಮಾಡಿದೆ. ಹಂಪಸಾಗರದ ಆಚೆ, ಡ್ಯಾಮಿನ ನೀರಿಗೆ ಹಳೆಯ ಊರು ಮುಳುಗಿ ಎತ್ತರಕ್ಕೆ ಎದ್ದು ಬಂದ ಒಂದು ಹೊಸ ಊರಿದೆ. ಬಸ್ಸಿಲ್ಲ. ಅದನ್ನು ನಾನೇ ನಲವತ್ತೊಂದನೆಯ ಆವರಣ ಮಾಡಿದೆ, ಆದರೆ ನೋಟೀಸಿನಲ್ಲಿ ಊರಿನ ಹೆಸರು ಬರೆಯಲಿಲ್ಲ. ಯಾವ ಬಸುರಿಗೂ ತಿಳಿಯಬಾರದು. ಕುಲಪತಿಗಳಿಗೂ ಹೇಳಲಿಲ್ಲ. ಮನೆಯಲ್ಲಿ ಗುರುಬಸಮ್ಮನಿಗೆ ಮಾತ್ರ ಹೇಳಿದ್ದೆ. ಹದಿನೈದು ದಿನ ಹೊರಗೆ ಇರುವವನು ಹೆಂಡತಿಗೆ ಹೇಳದೆ ಹೋಗಲಾಗುವುದಿಲ್ಲ. ಮಗಳು ನೀಲಗಂಗಮ್ಮ ಚೊಚ್ಚಲ ಹೆರಿಗೆಗೆ ಹಡಗಲಿಯಿಂದ ತವರಿಗೆ ಬಂದಿದ್ದಳು, ಅವಳ ದಿನ ಜೂನ್ ಹತ್ತರ ನಂತರ ಇತ್ತು.

ಒಂದು ದಿನ ಹೋಯಿತು, ಐದು ಹೋದವು, ಹತ್ತು ಹೋದವು. ಯಾರೂ ಬರಲಿಲ್ಲ. ಬುತ್ತಿಗಳು ಹೊತ್ತಿಗೆ ಸರಿಯಾಗಿ ಮರೆತುಹೋಗುತ್ತಿದ್ದವು. ಹದಿಮೂರನೆಯ ದಿನ ತಿಪ್ಪೇರುದ್ರಮ್ಮ ಮೊದಲ ಸಲ ನಕ್ಕಳು.

"ಲೇ ಸೋಮಪ್ಪ, ಈ ಸಲ ಪಾಸಾಗ್ತೀನೇನೋ?"

"ನೋಡ ಮತ್ತ, ಎರಡ ದಿನ ಐತಿ," ಅಂದೆ. ನನ್ನ ಜೊತೆ ಮಾತಾಡಲು ನಿಯಮದಲ್ಲಿ ಅಡ್ಡಿಯಿಲ್ಲ, ನಾನು ಮನುಷ್ಯನಲ್ಲ, ವೀಕ್ಷಕ.

ಹದಿನಾಲ್ಕನೆಯ ದಿನ, ಮೇ ಮೂವತ್ತು, ಬಿಸಿಲು ನೆತ್ತಿಗೇರುವ ಹೊತ್ತಿಗೆ ಒಂದು ಚಕ್ಕಡಿ ಬಂದು ಕಟ್ಟೆಯ ಮುಂದೆ ನಿಂತಿತು. ಮೊದಲು ಇಳಿದವಳು ಗುರುಬಸಮ್ಮ. ಒಳಗೆ ನೀಲಗಂಗಮ್ಮ ಒರಗಿಕೊಂಡು ಹಲ್ಲು ಕಚ್ಚುತ್ತಿದ್ದಳು.

"ನಿನ್ನಿಯಿಂದ ಬ್ಯಾನಿ," ಅಂದಳು ಹೆಂಡತಿ. "ದಿನ ತುಂಬೋಕಿಂತ ಮೊದಲ ಬಂದಾವು. ಗಾದೆಪ್ಪ ಶಿಫಾರಸು ಬರಕೊಟ್ಟ. ಯಾವೂರು ಅಂತ ನನಗಷ್ಟ ಗೊತ್ತಿತ್ತಲ್ರಿ. ಎಲ್ಲಿಗಿ ಹೋಗ್ಲಿ ನಾ?"

ನಾನು ಎದ್ದೆ. ನಿಯಮ ಏಳು ನನಗೆ ಬಾಯಿಪಾಠ, ನಾನೇ ಬರೆದದ್ದು. ಈಗ ನಾನು ವೀಕ್ಷಕನಲ್ಲ, ಹುಡುಗಿಯ ಅಪ್ಪ; ಕಟ್ಟೆಯ ಕಂಬದ ಹತ್ತಿರ ಹೋದೆ, ತಿಪ್ಪೇರುದ್ರಮ್ಮಳಿಗೆ ಬೆನ್ನು ಮಾಡಿ ನಿಂತೆ.

"ಕಂಬಪ್ಪ," ಅಂದೆ. ನಲವತ್ತು ದೇಶದಲ್ಲಿ ಎಷ್ಟು ಜನ ಹೀಗೆ ಕಂಬದ ಮುಂದೆ ನಿಂತದ್ದು ನೋಡಿ ಗಂಟೆ ನಿಮಿಷ ಬರೆದುಕೊಂಡಿದ್ದೆ. ನನಗೆ ಅಳು ಬಂತು. ಐವತ್ತು ದಾಟಿದ ಗಂಡಸು, ಕಂಬ ಹಿಡಿದುಕೊಂಡು ಅತ್ತೆ.

ಹಿಂದಿನಿಂದ ಹಾಸಿಗೆ ಸುರುಳಿ ಸರಿಸಿದ ಸಪ್ಪಳ ಕೇಳಿತು. "ಅಳಬ್ಯಾಡೋ. ಮಗಳನ್ನ ಇಳಿಸ್ರಿ ಮೊದಲ. ಗುರುಬಸಿ, ನೀರು ಕಾಸಾಕ ಹೇಳು."

ಸಾಯಂಕಾಲ ನಾಲ್ಕೂಕಾಲಿಗೆ ಗಂಡು ಕೂಸು ಅತ್ತಿತು. ಕೊರಳಿಗೆ ಹೊಕ್ಕುಳ ಹುರಿ ಸುತ್ತಿಕೊಂಡಿತ್ತಂತೆ. ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಗುರುಬಸಮ್ಮ ಹೇಳಿದಳು. ನಾನು ಹೊರಗೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಹದಿನಾಲ್ಕನೆಯ ದಿನದ ಸಾಲು ಖಾಲಿ ಇತ್ತು. ಬರೆಯದೆ ಬಿಟ್ಟರೆ ಯಾರಿಗೂ ತಿಳಿಯಲಿಕ್ಕಿಲ್ಲ ಅನ್ನಿಸಿತು. ಆದರೆ ಮಗು ಹುಟ್ಟಿದ ಊರು ನೋಂದಣಿಗೆ ಹೋಗುತ್ತದೆ, ಗಾದೆಪ್ಪನ ಶಿಫಾರಸಿನ ಪ್ರತಿ ಇರುತ್ತದೆ, ಅಜ್ಜಯ್ಯನವರು ಎರಡನ್ನೂ ತಾಳೆ ನೋಡುವವರು. ನಾನು ಹಂಗಾಮಿ. ಆಗಸ್ಟಿಗೆ ಕಾಯಂ ಆಗುವುದಿತ್ತು.

ತಿಪ್ಪೇರುದ್ರಮ್ಮ ಕೈ ತೊಳೆದುಕೊಂಡು ಬಂದು ನನ್ನ ಪಕ್ಕದಲ್ಲಿ ಕೂತಳು. ಕೈ ಎರಡೂ ನಡುಗುತ್ತಿದ್ದವು. ಪುಸ್ತಕ ನೋಡಿದಳು. ಅವಳಿಗೆ ಓದಲು ಬರುವುದಿಲ್ಲ, ಖಾಲಿ ಸಾಲು ಯಾವುದೆಂದು ತಿಳಿಯುತ್ತಿತ್ತು.

"ಬರ್ಕೋ," ಅಂದಳು. "ನಿನ್ನ ನೌಕರಿನೂ ಹೋಗೋದು ಬ್ಯಾಡ. ಮೊಮ್ಮಗ ಬಂದಾನ ಮನಿಗಿ."

ನಾನು ಬರೆದೆ. 'ವಿದ್ಯಾರ್ಥಿನಿ ಅನುತ್ತೀರ್ಣ.' ದುಂಡಗೇ ಬರೆದೆ.

ಜೂನ್ ಎರಡರಂದು ಆಡಳಿತ ಮಂಡಳಿ ಸೇರಿತು. ತಿಪ್ಪೇರುದ್ರಮ್ಮಳಿಗೆ ವಯೋಮಿತಿ ಮೀರಿದ್ದರಿಂದ ಪಿಂಚಣಿ ಪ್ರಶ್ನೆ ಇತ್ಯರ್ಥವಾಯಿತು. ಆದರೆ ಕುಲಪತಿಗಳಿಗೆ ಬೇರೆ ಚಿಂತೆ ಹತ್ತಿತ್ತು. ಅವಳು ಓದು ಬಿಟ್ಟರೆ ನಲವತ್ತೊಂದು ಆವರಣಕ್ಕೂ ವಿದ್ಯಾರ್ಥಿಗಳಿಲ್ಲದಂತಾಗುತ್ತದೆ. ಬಸ್ಸು ನಿಲ್ಲುವುದಿಲ್ಲ, ಜೋಗಪ್ಪನವರಂಥವರು ಸುಮ್ಮನಿರುವುದಿಲ್ಲ, ಗಾದೆಪ್ಪನವರು ಶಿಫಾರಸು ಮಾಡುವುದಾದರೂ ಎಲ್ಲಿಗೆ? ಆದ್ದರಿಂದ ಅವಳ ಇಷ್ಟು ವರ್ಷದ ಆಸೆಯನ್ನೂ ಗಮನದಲ್ಲಿಟ್ಟುಕೊಂಡು, ವಿಶ್ವವಿದ್ಯಾಲಯವು ಅವಳನ್ನು ಕಾಯಂ ಮಾಡಿತು. ಕಾಯಂ ವಿದ್ಯಾರ್ಥಿನಿ. ಆದೇಶವನ್ನು ನಾನೇ ಬರೆದು, ನಾನೇ ಓದಿ ಹೇಳಿದೆ.

"ಊಟ?" ಅಂದಳು ಅವಳು.

"ಅದು ಮರೆವಿನ ಮ್ಯಾಲ," ಅಂದರು ಅಜ್ಜಯ್ಯನವರು.

ಅವಳು ತಲೆ ಅಲ್ಲಾಡಿಸಿ, ಹಾಸಿಗೆ ಸುರುಳಿ ಎತ್ತಿಕೊಂಡು ನಲವತ್ತೆರಡನೆಯ ದೇಶದ ಬಸ್ಸು ಹತ್ತಿದಳು. ಸೀಟಿನ ಮೇಲಿದ್ದ ಟವೆಲನ್ನು ಯಾರೋ ತೆಗೆದು ಅವಳಿಗೆ ಜಾಗ ಕೊಟ್ಟರು. ಆಗಸ್ಟಿನಲ್ಲಿ ನಾನು ಕಾಯಂ ಆದೆ.

ಅದೇ ತಿಂಗಳು ಮೊಮ್ಮಗನ ಹೆಸರು ನೋಂದಾಯಿಸಲು ಕಚೇರಿಗೆ ಹೋದೆ. ಗುಮಾಸ್ತರು ತಲೆ ಎತ್ತದೆ ಹೆಸರು, ತಂದೆ, ತಾಯಿ ಎಲ್ಲ ಬರೆದುಕೊಂಡರು.

"ಹುಟ್ಟಿದ ಸ್ಥಳ?"

"ವಿದೇಶ."

"ನಂಬರು ಹೇಳ್ರಿ."

"ನಲವತ್ತೊಂದು."

ಅವರು ಬರೆದು, ಶಾಯಿ ಒಣಗಲೆಂದು ಊದಿದರು. "ನಮ್ಮ ಹುಡುಗಂದು ಹದಿನೇಳು," ಅಂದರು. "ಯಾರ್ರಿ ಮುಂದಿನವರು, ಬರ್ರಿ."